ತಿರುವಿನಲ್ಲಿ ಹೋಲ್ಡಾನ್

ಕ್ವಾರಿ ಲೈನ್ ಮನೆ, ಸಾತನೂರು ರಸ್ತೆ
8-11-1983

ಅಪ್ಪನವರಿಗೆ ಅಂಕಮ್ಮನ ನಮಸ್ಕಾರ.

ನನ್ನ ಕೈಬರಹ ನೋಡಿ ಕೋಪ ಬಂದರೂ ಓದದೆ ಮಡಿಸಿಡಬೇಡಿ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ. ತಪ್ಪಿದ್ದ ಕಡೆ ತಿದ್ದಿ ಓದಿಕೊಳ್ಳಿ.

ನಿಮ್ಮ ಬಸ್ಸು ದಿನಾ ನಮ್ಮ ತಿರುವು ದಾಟಿ ಹೋಗುತ್ತದೆ. ನಾನು ಕೊಡ ಇಟ್ಟುಕೊಂಡು ಬೇಲಿ ಪಕ್ಕ ನಿಂತಿರುತ್ತೇನೆ. ನೀವು ಹಿಂದಿನ ಬಾಗಿಲಲ್ಲಿ ಇರುತ್ತೀರಿ. ತಿರುವು ಬಂತು ಅನ್ನುವಾಗ ನಿಮಗೆ ಟಿಕೆಟ್ ಕಟ್ಟಿನಲ್ಲಿ ಏನೋ ನೋಡುವ ಕೆಲಸ ಬರುತ್ತದೆ. ಅದಕ್ಕೆ ನಾನು ಏನೂ ಅನ್ನುವುದಿಲ್ಲ. ನಿಮಗೆ ಬೇಡದವರನ್ನು ಮದುವೆಯಾಗಿ ಬಂದವಳು ನಾನು.

ಈಗ ಬರೆಯುತ್ತಿರುವುದು ಬೇರೆ ವಿಷಯ. ನಮ್ಮವರು ಇಲ್ಲಿ ಕ್ರೇನಿಗೆ ಕೂಗು ಕೊಡುವವರು ಎಂದು ನಿಮಗೆ ಗೊತ್ತಿರಬೇಕು. ಕ್ರೇನಿನ ಎಂಜಿನ್ ಮೇಲಿದೆ. ಕಲ್ಲು ಸೀಳುವುದು ಕೆಳಗೆ, ಗುಂಡಿಯಲ್ಲಿ. ಎಂಜಿನ್ ಮುಂದೆ ಕೂರುವ ಸನಾವುಲ್ಲಾ ಸಾಹೇಬರಿಗೆ ಗುಂಡಿಯ ತಳ ಕಾಣುವುದಿಲ್ಲ. ಅಂಚಿನಲ್ಲಿ ನಿಂತ ನಮ್ಮವರಿಗೆ ಎರಡೂ ಕಾಣುತ್ತದೆ. ಇವರು ಎತ್ತು ಎಂದರೆ ಎತ್ತಬೇಕು, ಇಳಿಸು ಎಂದರೆ ಇಳಿಸಬೇಕು. ಹೋಲ್ಡಾನ್ ಎಂದರೆ ಕಲ್ಲು ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಅದು ನಿಮ್ಮ ಬಸ್ಸಿನ ಮಾತೇ. ಮೊದಲ ದಿನ ಇಲ್ಲಿ ಅದನ್ನು ಕೇಳಿದಾಗ ನನಗೆ ಮನೆ ನೆನಪಾಯಿತು. ಅನ್ನ ಬಡಿಸುವಾಗ ನೀವು ಸಾಕು ಎನ್ನುತ್ತಿರಲಿಲ್ಲ, ಹೋಲ್ಡಾನ್ ಎನ್ನುತ್ತಿದ್ದಿರಿ.

ಅಪ್ಪ, ಇವರ ಧ್ವನಿ ಹೋಗುತ್ತಿದೆ. ಕಲ್ಲಿನ ಧೂಳು. ಯುಗಾದಿಯಲ್ಲಿ ಒಡಕಾಗಿತ್ತು, ಈಗ ಬರೀ ಗಾಳಿ ಬರುತ್ತದೆ. ಕೂಗುವಾಗ ಕೆಂಪು ಟವೆಲ್ಲನ್ನೂ ಮೇಲೆತ್ತುವುದು ಇವರ ಅಭ್ಯಾಸ. ಪಕ್ಕದಲ್ಲಿ ನಿಂತ ನನಗೆ ಟವೆಲ್ಲು ಕಾಣುತ್ತದೆ, ಕೂಗು ಕೇಳಿಸುವುದಿಲ್ಲ. ಯಾರಿಗೂ ಹೇಳಬಾರದು ಎಂದಿದ್ದಾರೆ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಕೆಳಗೆ ರಾಮಲಿಂಗಯ್ಯ ಇದ್ದಾನೆ. ಕಲ್ಲಿಗೆ ಚೈನು ಹಾಕುವವನು. ಮಧ್ಯಾಹ್ನ ನನ್ನ ಹತ್ತಿರ ಉಪ್ಪಿನಕಾಯಿ ಕೇಳಿ ತಿನ್ನುತ್ತಾನೆ. "ನಿನ್ ಗಂಡನ ಬಾಯಲ್ಲಿ ನನ್ ಜೀವ ಐತೆ ಕಣವ್ವ, ಒಸಿ ಎಣ್ಣೆ ಜಾಸ್ತಿ ಹಾಕು" ಎಂದು ನಗುತ್ತಾನೆ. ನನಗೆ ಆ ನಗು ಕೇಳಲಾಗುವುದಿಲ್ಲ.

ಯಾರನ್ನು ಕೇಳಬೇಕೋ ತಿಳಿಯದೆ ನಿಮಗೆ ಬರೆದೆ.

ನಿಮ್ಮ ಮಗಳು
ಅಂಕಮ್ಮ


ಕನಕಪುರ
19-11-1983

ಅಂಕಮ್ಮನಿಗೆ,

ಕಾಗದ ಬಂತು.

ಗಂಟಲಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಮನೆ ಔಷಧಿ ಮಾಡುತ್ತಾ ಕೂರಬಾರದು. ಕೆಲಸದ ವಿಷಯ ಮೇಸ್ತ್ರಿಗೆ ಹೇಳಬೇಕು. ಇದರಲ್ಲಿ ನನ್ನನ್ನು ಕೇಳುವುದು ಏನೂ ಇಲ್ಲ.

ತಿರುವಿನಲ್ಲಿ ನಿಲ್ಲಬೇಡ. ಲಾರಿ ಓಡಾಡುವ ಜಾಗ. ಅಲ್ಲಿ ಸ್ಟಾಪ್ ಇಲ್ಲ.

ಇತಿ,
ಗಂಗಹನುಮಯ್ಯ, ಕಂಡಕ್ಟರ್


ಕ್ವಾರಿ ಲೈನ್ ಮನೆ
4-12-1983

ಅಪ್ಪನವರಿಗೆ ನಮಸ್ಕಾರ.

ನಿಮ್ಮ ಕಾಗದ ನಿಮ್ಮದೇ ಬಸ್ಸಿನ ಅಂಚೆ ಚೀಲದಲ್ಲಿ ನಮ್ಮ ಮನೆ ಮುಂದೆಯೇ ಹೋಗಿದೆ. ಸಾತನೂರಿಗೆ ಹೋಗಿ, ಠಸ್ಸೆ ಹೊಡೆಸಿಕೊಂಡು, ಪೋಸ್ಟ್‌ಮ್ಯಾನ್ ಸೈಕಲ್ಲಿನಲ್ಲಿ ವಾಪಸ್ ಬಂತು. ಬಂತಲ್ಲ, ಅಷ್ಟು ಸಾಕು.

ಆಸ್ಪತ್ರೆಗೆ ಹೋಗಿದ್ದೆವು. ಧೂಳಿನ ಕೆಲಸ ಬಿಡಬೇಕು, ಕೂಗಲೇಬಾರದು, ಬಿಟ್ಟರೂ ಮೊದಲಿನ ಹಾಗೆ ಆಗುತ್ತದೆ ಎಂದು ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಹೊರಗೆ ಬಂದು ಇವರು ಬೀಡಿ ಹಚ್ಚಲು ಹೋಗಿ, ನನ್ನ ಮುಖ ನೋಡಿ ಜೇಬಿಗೆ ಹಾಕಿಕೊಂಡರು. "ಕೂಗ್‌ಬ್ಯಾಡ ಅಂದ್ರೆ ನಾನೇನ್ ತಿನ್ನಾನ, ಜಲ್ಲಿನಾ?" ಎಂದರು. ಅದನ್ನೂ ನಾನು ತುಟಿ ನೋಡಿ ತಿಳಿದುಕೊಂಡದ್ದು.

ಮನೆಗೆ ಬಂದ ಮೇಲೆ ಬಿಡಿಸಿ ಕೇಳಿದೆ. ನಿಮ್ಮ ಕೂಗು ಯಾರಿಗೂ ಕೇಳುತ್ತಿಲ್ಲವಲ್ಲ ಎಂದೆ. ಅದಕ್ಕೆ ಇವರು, "ನಿನ್ನೆ ಸಂಜೆನೂ ಹೋಲ್ಡಾನ್ ಅಂದೆ, ಸಾಬ್ರು ಟಕ್ಕಂತ ನಿಲ್ಸುದ್ರು. ಅವ್ರಿಗೆ ಕೇಳ್ತದೆ ಕಣಮ್ಮಿ. ನಿಂಗೇ ಕೇಳಾಕಿಲ್ಲ" ಎಂದರು. ಅದೂ ನಿಜವೇ. ನಿನ್ನೆ ಕಲ್ಲು ನಿಂತಿದ್ದನ್ನು ನಾನೂ ನೋಡಿದೆ.

ಆದರೂ ಮನಸ್ಸು ತಡೆಯದೆ ಮೇಸ್ತ್ರಿ ಬೋರಲಿಂಗಯ್ಯನವರ ಶೆಡ್ಡಿಗೆ ಹೋದೆ. ನಾಲ್ಕು ಜನ ಗಂಡಸರು ಕೂತಿದ್ದರು. "ಏನಮ್ಮಿ?" ಎಂದರು. ನನ್ನ ಬಾಯಿಂದ ಬಂದದ್ದು, "ನೀರು ಬೇಕಾ ಅಂತ ಕೇಳೋಕೆ ಬಂದೆ" ಎಂದು. ತಂದುಕೊಟ್ಟು ವಾಪಸ್ ಬಂದೆ.

ನಿಮಗೆ ಗೊತ್ತಲ್ಲ ನನ್ನ ಸ್ವಭಾವ. ಚಿಕ್ಕವಳಿದ್ದಾಗ ನಿಮ್ಮ ಬಸ್ಸಿನಲ್ಲಿ ಅಜ್ಜಿ ಊರಿಗೆ ಹೋಗುವಾಗ, ಊರು ಬಂದರೂ ಕೂಗಲಾಗದೆ ಹಾಗೇ ಕೂತು ಹಾರೋಹಳ್ಳಿಗೆ ಹೋಗಿಬಿಟ್ಟಿದ್ದೆ. ಕೊನೆಯ ಸೀಟಿನಲ್ಲಿ ನನ್ನನ್ನು ನೋಡಿ ನೀವು ಬೈಯಲಿಲ್ಲ. ಬೋಂಡ ಕೊಡಿಸಿದಿರಿ.

ನಿಮ್ಮ ಮಗಳು
ಅಂಕಮ್ಮ


ಕನಕಪುರ
15-12-1983

ಅಂಕಮ್ಮನಿಗೆ,

ಬೋಂಡ ಅಲ್ಲ, ಅದು ವಡೆ.

ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ನಿನ್ನ ವಿಷಯ ತಲೆಯಲ್ಲಿ ಇಟ್ಟುಕೊಂಡು ಇವತ್ತು ಎರಡು ಕಡೆ ತಪ್ಪು ಟಿಕೆಟ್ ಹರಿದೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ರೈಟ್ ಹೇಳುವವನು ಕಂಡಕ್ಟರ್ ಒಬ್ಬನೇ. ಬೇರೆ ಎಷ್ಟು ದೊಡ್ಡ ಮನುಷ್ಯ ಹೇಳಿದರೂ ಡ್ರೈವರು ಬಸ್ಸು ಎತ್ತಬಾರದು. ಹೋಲ್ಡಾನ್ ಹಾಗಲ್ಲ. ಬಸ್ಸಿನೊಳಗಿರುವ ಯಾರು ಹೇಳಿದರೂ ನಿಲ್ಲಿಸಬೇಕು. ಮಂಕರಿಯಲ್ಲಿ ಕೋಳಿ ಇಟ್ಟುಕೊಂಡ ಮುದುಕಿ ಹೇಳಿದರೂ ನಿಲ್ಲಿಸಬೇಕು. ಯಾಕೆ ಎಂದು ಕೇಳುವುದು ನಿಂತ ಮೇಲೆ.

ಇನ್ನೊಂದು. ಸಂತೆ ದಿನ ಬಸ್ಸು ತುಂಬಿದಾಗ ಮುಂದೆ ಕೂತವರು ಕೂಗಿದ್ದು ಹಿಂದಿರುವ ನನಗೆ ಕೇಳಿಸುವುದಿಲ್ಲ, ನಾನು ಕೂಗಿದ್ದು ಡ್ರೈವರಿಗೆ ಕೇಳಿಸುವುದಿಲ್ಲ. ಆದರೂ ಬಸ್ಸು ನಿಲ್ಲುತ್ತದೆ. ಒಬ್ಬ ಹೋಲ್ಡಾನ್ ಎಂದರೆ ಪಕ್ಕದವನು ಹೋಲ್ಡಾನ್ ಎನ್ನುತ್ತಾನೆ. ಅವನಿಗೆ ಇಳಿಯುವುದು ಇರುವುದಿಲ್ಲ. ಯಾರು ಇಳಿಯುತ್ತಾರೆ ಎಂದೂ ತಿಳಿದಿರುವುದಿಲ್ಲ. ಕೈಯಿಂದ ಕೈಗೆ ಮೂಟೆ ದಾಟಿಸಿದ ಹಾಗೆ ಆ ಮಾತು ಡ್ರೈವರನ್ನು ಮುಟ್ಟುತ್ತದೆ.

ಅದಕ್ಕೆ ದೊಡ್ಡ ಗಂಟಲು ಬೇಕಿಲ್ಲ. ಮೊದಲು ಒಬ್ಬರು ಅನ್ನಬೇಕು, ಅಷ್ಟೇ.

ಮೇಸ್ತ್ರಿ ಹತ್ತಿರ ಆಗದಿದ್ದರೆ ಎಂಜಿನ್ ಓಡಿಸುವ ಆ ಸಾಹೇಬರ ಮನೆಯಾಕೆಗೆ ಹೇಳು. ಹೆಂಗಸರ ಹತ್ತಿರ ನಿನಗೆ ಮಾತು ಬರುತ್ತದೆ.

ಇತಿ,
ಗಂಗಹನುಮಯ್ಯ


ಕ್ವಾರಿ ಲೈನ್ ಮನೆ
2-1-1984

ಅಪ್ಪನವರಿಗೆ ನಮಸ್ಕಾರ.

ನೀವು ಹೇಳಿದ ಹಾಗೆ ಸಾಹೇಬರ ಮನೆಯಾಕೆ ಜಹೀದಕ್ಕನಿಗೆ ಹೇಳಿದೆ. ಹೇಳಬಾರದಿತ್ತೇನೋ. ಈಗ ಮೊದಲಿಗಿಂತ ಭಯವಾಗಿದೆ.

ನೀರಿನ ತೊಟ್ಟಿ ಹತ್ತಿರ ಇಬ್ಬರೇ ಇದ್ದೆವು. ನಮ್ಮವರಿಗೆ ಧ್ವನಿಯೇ ಇಲ್ಲ ಅಕ್ಕ, ಸಾಹೇಬರಿಗೆ ಒಂದು ಮಾತು ಹೇಳಿ ಎಂದೆ. ಆಯಮ್ಮ ಒಗೆಯುತ್ತಿದ್ದ ಬಟ್ಟೆ ಹಾಗೇ ಬಿಟ್ಟು ನನ್ನನ್ನು ನೋಡಿದರು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರೋ ಅತ್ತರೋ ತಿಳಿಯಲಿಲ್ಲ.

"ಅಂಕಮ್ಮ, ನಾನ್ ನಿನ್ ಹತ್ರ ಬರ್ಬೇಕು ಅಂತ ಒಂದ್ ತಿಂಗ್ಳಿಂದ ನೋಡ್ತಾ ಇವ್ನಿ" ಎಂದರು. "ನಮ್ಮೋರಿಗೆ ಕಿವಿ ಇಲ್ಲ. ಎಂಜಿನ್ ಸದ್ದಿಗೆ ಹೊಂಟೋಯ್ತು. ನಿಮ್ ಕರಿಯಪ್ಪ ಅಷ್ಟ್ ಜೋರಾಗಿ ಕೂಗ್ತಾನೆ, ನಂಗೇ ಒಂಚೂರೂ ಕೇಳ್ಸಲ್ಲ ಅಂತ ದಿನಾ ಕೊರಗ್ತಾರೆ. ಟವೆಲ್ ನೋಡ್ಕಂಡೇ ನಿಲ್ಸೋದು."

ತಿಳಿಯಿತಾ ಅಪ್ಪ? ಸಾಹೇಬರು ನಿಲ್ಲಿಸುವುದರಿಂದ ತಮ್ಮ ಕೂಗು ಇನ್ನೂ ಇದೆ ಎಂದು ಇವರು ನಂಬಿದ್ದಾರೆ. ಇವರು ಕೂಗುತ್ತಿದ್ದಾರೆ, ಕೆಟ್ಟಿರುವುದು ತನ್ನ ಕಿವಿ ಮಾತ್ರ ಎಂದು ಅವರು ನಂಬಿದ್ದಾರೆ. ನಡುವೆ ಇರುವುದು ಒಂದು ಟವೆಲ್ಲು.

ಬಿಸಿಲಿರುವ ತನಕ ಟವೆಲ್ಲು ಕಾಣುತ್ತದೆ. ಈಗ ಬೆಳಿಗ್ಗೆ ಮಂಜು. ಇಷ್ಟು ದಿನ ಮಂಜು ಕರಗಿದ ಮೇಲೆ ಕಲ್ಲು ಎತ್ತುತ್ತಿದ್ದರು. ಲಾರಿ ಬೇಗ ಹೊರಡಬೇಕಂತೆ, ಸಂಕ್ರಾಂತಿಯೊಳಗೆ ಲೋಡು ಮುಗಿಯಬೇಕಂತೆ. ಮುಂದಿನ ವಾರದಿಂದ ಮಂಜಿನಲ್ಲೇ ಎತ್ತಬೇಕು ಎಂದಿದ್ದಾರೆ ಮೇಸ್ತ್ರಿ. "ಕಾಣ್ದಿದ್ರೆ ಏನು, ಕರಿಯಪ್ಪನ ಗಂಟ್ಲು ಇಲ್ವಾ?" ಎಂದರಂತೆ.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಎಲ್ಲ ಹೇಳಿದೆ. ತಟ್ಟೆ ಸರಿಸಿ ಎದ್ದುಬಿಟ್ಟರು. ನನ್ನ ಕೆಲಸ ಬಿಡಿಸಲು ಹೆಂಗಸರು ಸೇರಿ ಕಟ್ಟಿದ ಮಾತು ಎಂದರು. ಹಾಗೆ ಹೇಳುವಾಗಲೂ ಧ್ವನಿ ಬರಲಿಲ್ಲ. ನಾನು ಕೇಳಿಸಲಿಲ್ಲ ಎನ್ನಲಿಲ್ಲ.

ಜಹೀದಕ್ಕ ಕೈ ಹಿಡಿದುಕೊಂಡು ಬೇಡಿದರು. ಮೇಸ್ತ್ರಿಗೆ ಗೊತ್ತಾದರೆ ಇಬ್ಬರನ್ನೂ ಅದೇ ದಿನ ಕಳಿಸುತ್ತಾರೆ, ಕಿವುಡನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ ಎಂದು. ನಾನೂ ತಲೆ ಆಡಿಸಿದೆ. ರಾಮಲಿಂಗಯ್ಯ ಇವತ್ತೂ ಉಪ್ಪಿನಕಾಯಿಗೆ ಬಂದಿದ್ದ.

ನಿಮ್ಮ ಮಗಳು
ಅಂಕಮ್ಮ


ಕನಕಪುರ
6-1-1984

ಅಂಕಮ್ಮ,

ಕಾಗದ ಈಗ ತಾನೇ ಓದಿದೆ. ಸಂಜೆಯ ಟಪಾಲಿಗೆ ಹಾಕಬೇಕು, ಅದಕ್ಕೆ ಚಿಕ್ಕದಾಗಿ ಬರೆಯುತ್ತೇನೆ.

ಕೆಲಸ ಹೋದರೆ ಇನ್ನೊಂದು ಕೆಲಸ. ಮೇಸ್ತ್ರಿಗೆ ಹೇಳಿಬಿಡು. ಅವರ ಹತ್ತಿರ ಬಾಯಿ ಬಾರದಿದ್ದರೆ ಆ ರಾಮಲಿಂಗಯ್ಯನಿಗಾದರೂ ಹೇಳು. ಕಲ್ಲಿನ ಕೆಳಗೆ ನಿಲ್ಲುವವನಿಗೆ ಗೊತ್ತಿರಬೇಕು.

ಇದರ ಕೆಳಗೆ ಒಂದು ಸಾಲು ಬರೆದು ಹೊಡೆದು ಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ಹೋಗಬೇಡ.

ಅಪ್ಪ


ಕನಕಪುರ
11-1-1984

ಅಂಕಮ್ಮ,

ಮಧ್ಯಾಹ್ನದ ಟ್ರಿಪ್ಪಿನಲ್ಲಿ ಸಾತನೂರಿನಲ್ಲಿ ಹತ್ತಿದವರು ಮಾತಾಡಿಕೊಳ್ಳುತ್ತಿದ್ದರು. ತಿರುವಿನ ಕ್ವಾರಿಯಲ್ಲಿ ಬೆಳಿಗ್ಗೆ ಕಲ್ಲಿನ ಹತ್ತಿರ ಏನೋ ಆಯಿತಂತೆ. ಒಬ್ಬ, ಆಳು ಹೋದ ಎಂದ. ಇನ್ನೊಬ್ಬ, ಯಾರೋ ಹೆಂಗಸು ಅಂತೆ ಎಂದ. "ಯಾರು ಕಣಪ್ಪ, ಹೆಸ್ರೇನು?" ಎಂದು ಕೇಳಿದರೆ, "ನಮ್ಗೇನ್ ಗೊತ್ತು ಕಂಡಕ್ಟ್ರೇ, ಟಿಕೆಟ್ ಕೊಡಿ" ಎಂದರು.

ತಿರುವು ದಾಟುವಾಗ ಬಾಗಿಲಲ್ಲೇ ನಿಂತು ನೋಡಿದೆ. ಬೇಲಿ ಹತ್ತಿರ ನೀನು ಇರಲಿಲ್ಲ. ನಿಲ್ಲಬೇಡ ಎಂದು ಬರೆದವನು ನಾನೇ. ನೀನು ಯಾವತ್ತೂ ಆ ಮಾತು ಕೇಳಿರಲಿಲ್ಲ. ಸೀಟಿ ಬಾಯಲ್ಲಿ ಇತ್ತು. ಊದಲಿಲ್ಲ. ಬಸ್ಸು ಮುಂದೆ ಬಂತು.

ಒಂದು ಸಾಲಾದರೂ ಬರೆ. ಬರೆಯಲಾಗದಿದ್ದರೆ ಯಾರ ಕೈಲಾದರೂ ಬರೆಸು.

ಅಪ್ಪ


ಕ್ವಾರಿ ಲೈನ್ ಮನೆ
12-1-1984

ಅಪ್ಪನವರಿಗೆ ನಮಸ್ಕಾರ.

ಯಾರಿಗೂ ಏನೂ ಆಗಿಲ್ಲ. ಮೊದಲು ಅದನ್ನು ಓದಿಕೊಳ್ಳಿ. ನಿಮ್ಮ ಎರಡು ಕಾಗದವೂ ಇವತ್ತು ಒಟ್ಟಿಗೆ ಬಂದವು. ಆರನೇ ತಾರೀಖಿನದು ಎಲ್ಲಿ ಕೂತಿತ್ತೋ ಕಾಣೆ.

ನಿನ್ನೆ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ನಮ್ಮ ಬಾಗಿಲಿನಿಂದ ಬೇಲಿ ಕಾಣುತ್ತಿರಲಿಲ್ಲ. ಇವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟರು. ಗಂಜಿ ತರುತ್ತೇನೆ ಎಂದು ನೆಪ ಮಾಡಿ ನಾನೂ ಹಿಂದೆ ಹೋದೆ. ಜಹೀದಕ್ಕನಿಗೆ ಕಣ್ಣಲ್ಲೇ ಹೇಳಿದೆ. ಆಯಮ್ಮ ಚಹದ ಲೋಟ ಹಿಡಿದು ಎಂಜಿನ್ ಹತ್ತಿರ ಸಾಹೇಬರ ಪಕ್ಕ ನಿಂತರು. ನಾನು ಅಂಚಿನಲ್ಲಿ ಇವರ ಪಕ್ಕ ನಿಂತೆ. ನಮ್ಮಿಬ್ಬರ ನಡುವೆ ಚಕ್ಕೆಕಲ್ಲು ಹೊರುವ ಹೆಂಗಸರು ಸಾಲಾಗಿ ಓಡಾಡುತ್ತಿದ್ದರು. ನಿಂತ ಮೇಲೆ ನಿಮ್ಮ ಸಂತೆ ದಿನದ ಬಸ್ಸು ನೆನಪಾಯಿತು.

ಮಂಜು ಒಂದು ಗಳಿಗೆ ಸರಿದಾಗ ಸಾಹೇಬರಿಗೆ ಎತ್ತು ಎಂಬ ಟವೆಲ್ಲು ಕಂಡಿರಬೇಕು, ಕಲ್ಲಿನ ದಿಮ್ಮಿ ಎದ್ದಿತು, ಮಂಜು ಮತ್ತೆ ಮುಚ್ಚಿತು. ನೆಲ ಬಿಡುತ್ತಲೇ ಒಂದು ಕಡೆಗೆ ವಾಲಿ ತೂಗಿತು. ಗುಂಡಿಯೊಳಗೆ ಮಂಜು ತೆಳ್ಳಗಿತ್ತು, ರಾಮಲಿಂಗಯ್ಯ ಹಾರೆ ಎತ್ತಿಕೊಳ್ಳಲು ಗೋಡೆ ಕಡೆಗೆ ಬಗ್ಗಿದ್ದ. ಕಲ್ಲು ಅವನ ಬೆನ್ನಿಗೆ ಬರುತ್ತಿತ್ತು. ಇವರು ಟವೆಲ್ಲು ಎತ್ತಿದರು, ಬಾಯಿ ತೆರೆದರು. ಎಂಜಿನ್ ಓಡುತ್ತಲೇ ಇತ್ತು. ಇವರು ಇನ್ನೊಂದು ಸಲ ಎತ್ತಿದರು. ಆಗ ನನ್ನ ಕಡೆ ತಿರುಗಿದರು. ಆ ಮುಖ ನಾನು ಯಾವತ್ತೂ ನೋಡಿರಲಿಲ್ಲ.

ನಾನು ಹೋಲ್ಡಾನ್ ಎಂದೆ.

ದೊಡ್ಡದಾಗಿ ಏನೂ ಬರಲಿಲ್ಲ ಅಪ್ಪ. ಮನೆಯಲ್ಲಿ ಕರೆಯುವಷ್ಟು. ಹತ್ತಿರವಿದ್ದ ದೊಡ್ಡಲಕ್ಷ್ಮಮ್ಮ ಬುಟ್ಟಿ ಹೊತ್ತವಳು ತಿರುಗಿ ನೋಡಿದಳು. ಏನು ಎತ್ತ ಎಂದು ಕೇಳಲಿಲ್ಲ. "ಹೋಲ್ಡಾನ್" ಎಂದು ಕಿರುಚಿದಳು. ಅವಳ ಮುಂದಿನವಳು ಕೂಗಿದಳು. ಮುಂದಿನವಳು. ಮಂಜಿನಲ್ಲಿ ಯಾರ ಮುಖವೂ ಕಾಣದು, ಆ ಮಾತು ಮಾತ್ರ ದೂರ ಹೋಗುತ್ತಿರುವುದು ಕೇಳುತ್ತಿತ್ತು. ಆ ಕಡೆ ಚಹದ ಲೋಟ ಬಿತ್ತಂತೆ. ಜಹೀದಕ್ಕ ಸಾಹೇಬರ ತೋಳು ಹಿಡಿದು ಜಗ್ಗಿದ್ದರು.

ಎಂಜಿನ್ ನಿಂತಿತು.

ಕಲ್ಲಿಗೂ ಗೋಡೆಗೂ ನಡುವೆ ರಾಮಲಿಂಗಯ್ಯ ಅಡ್ಡಡ್ಡ ನಿಂತಿದ್ದ. ಎದೆ ಒಳಕ್ಕೆ ಎಳೆದುಕೊಂಡು, ಸುಣ್ಣ ಬಳಿಯುವ ಹಾಗೆ ಗೋಡೆಗೆ ಉಜ್ಜಿಕೊಂಡು ಆಚೆ ಬಂದ. ಅಂಗಿಯ ಗುಂಡಿಯೆಲ್ಲ ಕಿತ್ತು ಹೋಗಿತ್ತು. ಮೇಲೆ ಬಂದು ಕೂತ. ಉಪ್ಪಿನಕಾಯಿ ಕೇಳುವವನು ನೀರು ಕೇಳಿದ.

ಮೇಸ್ತ್ರಿ ಓಡಿ ಬಂದರು. "ಕೂಗಿದ್ದು ಯಾರ್ಲಾ? ಹೆಂಗ್ಸಿನ ಗಂಟ್ಲು ಯಾವ್ದು ಅದು?" ಎಂದರು. ನಾನು ಮುಂದೆ ಬಂದೆ. ಇವರಿಗೆ ಧ್ವನಿ ಇಲ್ಲ, ಸಾಹೇಬರಿಗೆ ಕಿವಿ ಇಲ್ಲ, ಇಷ್ಟು ದಿನ ನಡೆದದ್ದೆಲ್ಲ ಟವೆಲ್ಲಿನಿಂದ ಎಂದೆ. ಅಷ್ಟು ಜನ ಗಂಡಸರ ಮುಂದೆ ಹೇಳಿದೆ. ಸಾಹೇಬರಿಗೆ ಜಹೀದಕ್ಕ ಕೈಸನ್ನೆ ಮಾಡಿ ತಿಳಿಸಿದರು. ಸಾಹೇಬರು ಇವರನ್ನು ನೋಡಿದರು, ಇವರು ಸಾಹೇಬರನ್ನು ನೋಡಿದರು. ಇಬ್ಬರೂ ಒಂದೇ ಸಲ ನೆಲ ನೋಡಿದರು.

ಇಬ್ಬರೂ ನಾಳೆಯಿಂದ ಬರಬೇಡಿ ಎಂದಿದ್ದಾರೆ ಮೇಸ್ತ್ರಿ. ಇವರು ನಿನ್ನೆಯಿಂದ ನನ್ನ ಹತ್ತಿರ ಮಾತಾಡಿಲ್ಲ. ಧ್ವನಿ ಇಲ್ಲದವರು ಮಾತು ಬಿಟ್ಟದ್ದು ಹೇಗೆ ಗೊತ್ತು ಎಂದು ನಗಬೇಡಿ. ಗೊತ್ತಾಗುತ್ತದೆ.

ನೀವು ಹೊಡೆದು ಹಾಕಿದ ಸಾಲನ್ನು ಬೆಳಕಿಗೆ ಹಿಡಿದು ಓದಿದೆ. ಬನ್ನಿ.

ನಿಮ್ಮ ಮಗಳು
ಅಂಕಮ್ಮ


ಕ್ವಾರಿ ಲೈನ್ ಮನೆ
3-2-1984

ಅಪ್ಪನವರಿಗೆ ನಮಸ್ಕಾರ.

ನೀವು ಬಸ್ಸು ನಿಲ್ಲಿಸಿ ಬಂದು ಹೋದ ದಿನ ನಿಮ್ಮ ಸೀಟಿಯನ್ನು ನಮ್ಮ ಗೋಡೆಯ ಗೂಡಿನಲ್ಲಿ ಬಿಟ್ಟು ಹೋಗಿದ್ದೀರಿ. ಮರೆತಿರೋ, ಇವರಿಗೆ ಎಂದು ಇಟ್ಟಿರೋ ತಿಳಿಯದೆ ಹಾಗೇ ಇಟ್ಟಿದ್ದೇನೆ.

ನೀವು ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಹೊತ್ತಿನಲ್ಲಿ ರಸ್ತೆಯಲ್ಲಿ ನಡೆದದ್ದನ್ನು ಜಹೀದಕ್ಕ ಈಗಲೂ ಹೇಳಿ ನಗುತ್ತಾರೆ. "ರೈಟ್ ಯೋಳಿ ಕಂಡಕ್ಟ್ರೇ, ಸಾತನೂರಲ್ಲಿ ನಂಟ್ರು ಕಾಯ್ತಾವ್ರೆ" ಎಂದು ಒಬ್ಬ ಕೂಗಿದರೆ, ನಿಮ್ಮ ಡ್ರೈವರು, "ಸುಮ್ಕೆ ಕೂತ್ಕೋ, ಆವಯ್ಯ ಈ ಜಾಗ್ದಲ್ಲಿ ಇಳಿಯೋಕೆ ಎರಡ್ ವರ್ಸ ತಕಂಡವ್ನೆ" ಎಂದರಂತೆ.

ಹೊರಡುವಾಗ ಇವರು ನಿಮಗೆ ಏನೋ ಹೇಳಲು ಬಾಯಿ ತೆರೆದರು. ನೀವು ಹೆಗಲು ಮುಟ್ಟಿ, "ಬುಡಪ್ಪ, ಗೊತ್ತಾಯ್ತು" ಎಂದಿರಿ. ಏನು ಗೊತ್ತಾಯಿತು ಎಂದು ಇವರು ನನ್ನನ್ನು ಕೇಳುತ್ತಲೇ ಇದ್ದಾರೆ. ಕೇಳುತ್ತಾರೆ ಎಂದರೆ ಮಾತು ಬಿಟ್ಟದ್ದು ಮುಗಿಯಿತು ಎಂದು ತಿಳಿದುಕೊಳ್ಳಿ.

ಇಲ್ಲಿಯ ಸುದ್ದಿ ಏನೆಂದರೆ, ರಾಮಲಿಂಗಯ್ಯ ಗುಂಡಿಗೆ ಇಳಿಯಲ್ಲ ಎಂದು ಕೂತುಬಿಟ್ಟ. ಮೇಸ್ತ್ರಿ ಬೇರೆ ಆಳನ್ನು ನಿಲ್ಲಿಸಿ ಕೂಗಿಸಿದರು. "ಆ ಯವ್ವ ಕೂಗುದ್ರೆ ಇಳೀತೀನಿ, ಇಲ್ಲಾಂದ್ರೆ ನೀವೇ ಇಳೀರಿ" ಎಂದ. ಉಳಿದವರೂ ಹಾರೆ ಕೆಳಗಿಟ್ಟರು. ಸೋಮವಾರದಿಂದ ನಾನು ಅಂಚಿನಲ್ಲಿ ನಿಲ್ಲುತ್ತಿದ್ದೇನೆ. ಎಂಜಿನ್ ಮೇಲೆ ಕಿವಿ ಚೆನ್ನಾಗಿರುವ ಹೊಸ ಹುಡುಗ ಬಂದಿದ್ದಾನೆ. ಸಾಹೇಬರನ್ನು ಚೈನು, ಎಣ್ಣೆ ನೋಡಿಕೊಳ್ಳಲು ಇಟ್ಟುಕೊಂಡಿದ್ದಾರೆ. ಸಂಬಳ ಕಡಿಮೆ. ಜಹೀದಕ್ಕ ನನ್ನ ಮೇಲೆ ಒಂದು ದಿನ ಸಿಟ್ಟು, ಒಂದು ದಿನ ಪ್ರೀತಿ. ಇವರನ್ನು ಮಾತ್ರ ಕ್ವಾರಿಗೆ ಸೇರಿಸಿಲ್ಲ. ಧೂಳಿಲ್ಲದ ಕೆಲಸ ಹುಡುಕುತ್ತಿದ್ದಾರೆ. ಅಲ್ಲಿಯ ತನಕ ಅಡಿಗೆ ಇವರದು. ಮುದ್ದೆಯಲ್ಲಿ ಗಂಟು ಇರುತ್ತದೆ. ನಾನು ಏನೂ ಅನ್ನುವುದಿಲ್ಲ.

ಮೊದಲ ಎರಡು ದಿನ ಪ್ರತಿ ಕೂಗಿಗೂ ಮೊದಲು ಸೆರಗು ಬಿಗಿದುಕೊಳ್ಳುತ್ತಿದ್ದೆ. ಈಗಲೂ ಬಿಗಿದುಕೊಳ್ಳುತ್ತೇನೆ.

ಮೊನ್ನೆ ಒಂದು ವಿಷಯ ನಡೆಯಿತು, ಅದನ್ನು ಹೇಳಲೆಂದೇ ಈ ಕಾಗದ. ದಿಮ್ಮಿ ಅರ್ಧ ಮೇಲೆ ಬಂದಿತ್ತು. ಹೋಲ್ಡಾನ್ ಎಂದು ಕೇಳಿಸಿತು. ನಾನು ಅಂದದ್ದಲ್ಲ. ಹುಡುಗ ಎಂಜಿನ್ ನಿಲ್ಲಿಸಿದ. ಕೆಳಗೆ ರಾಮಲಿಂಗಯ್ಯ ದೂರ ಸರಿದು ನಿಂತ. ಯಾಕೆ ಎಂದು ಯಾರೂ ಕೇಳಲಿಲ್ಲ. ತಿರುಗಿ ನೋಡಿದರೆ ಸ್ಟಾಪ್ ಇಲ್ಲದ ನಮ್ಮ ತಿರುವಿನಲ್ಲಿ ನಿಮ್ಮ ಬಸ್ಸು ನಿಂತಿತ್ತು. ಸೊಪ್ಪಿನ ಹೊರೆಯ ಮುದುಕಿಯೊಬ್ಬಳು ಇಳಿಯುತ್ತಿದ್ದಳು. ನೀವು ಹೊರೆ ಇಳಿಸಿ ಕೊಡುತ್ತಾ ನಮ್ಮ ಕಡೆ ನೋಡುತ್ತಿದ್ದಿರಿ. ಟಿಕೆಟ್ ಕಟ್ಟು ಚೀಲದಲ್ಲೇ ಇತ್ತು.

ಸೀಟಿ ಇಲ್ಲದೆ ಎಷ್ಟು ದಿನ ಹೀಗೆ ಬಾಯಲ್ಲೇ ಕೂಗುತ್ತೀರಿ? ನಿಮಗೂ ವಯಸ್ಸಾಯಿತು. ಬಂದು ತೆಗೆದುಕೊಂಡು ಹೋಗಿ.

ಆಮೇಲೆ ನೀವು ರೈಟ್ ಎಂದಿರಿ. ಬಸ್ಸು ಹೊರಟಿತು. ದಿಮ್ಮಿ ಹಾಗೇ ನಿಂತಿತ್ತು. ಹುಡುಗ ನನ್ನ ಕಡೆ ನೋಡುತ್ತಿದ್ದ, ರಾಮಲಿಂಗಯ್ಯ ಕೆಳಗಿನಿಂದ ನೋಡುತ್ತಿದ್ದ. ಅದಕ್ಕೆ ಎತ್ತು ಎಂದು ಹೇಳಬೇಕಾದವಳು ನಾನು.

ಹೇಳಿದೆ.

ನಿಮ್ಮ ಮಗಳು
ಅಂಕಮ್ಮ